ಮೊದಲ ಕೊಡ ಗಂಗವ್ವನಿಗೆ

ಶ್ವೀಬರ್ಡಿಂಗೆನ್
೧೧ ಮೇ ೨೦೨೫

ಹೈಡೆಲ್‌ಬರ್ಗಿನ ಅಡುಗೆಮನೆಯಲ್ಲಿ ಕೂಡಿದ ದೈವಕ್ಕೆ, ಎಂದರೆ ಭೂಮಿಕಾಳ ಕನ್ನಡ ಗೆಳೆಯರಿಗೆ, ಕುರ್ಚಿ ಸಿಕ್ಕವರಿಗೂ ಸಿಗದೆ ಫ್ರಿಜ್ಜಿಗೆ ಒರಗಿ ನಿಂತವರಿಗೂ, ಬಸಲಿಂಗಯ್ಯನ ಶರಣು ಶರಣಾರ್ಥಿ. ಮೈಸೂರಿನ ರಾಕೇಶ, ಒಲೆ ಸಣ್ಣ ಮಾಡು. ಲಾವಣ್ಯಾ, ಫೋನು ಕೆಳಗಿಡು ತಾಯಿ. ಭೂಮಿಕಾ, ನನ್ನ ಅಕ್ಕ ಬಸಲಿಂಗವ್ವನ ಮಗಳೇ, ಓದುವ ಪಾರ್ಟು ನಿನ್ನದು, ಗಂಟಲು ಸರಿಮಾಡಿಕೊ. ಮಾಮನ ಧ್ವನಿ ಫೋನಿನಲ್ಲಿ ಒಡೆಯುತ್ತದೆ, ಪತ್ರ ಬರೆಯಿರಿ, ಭಾನುವಾರ ಎಲ್ಲರ ಮುಂದೆ ಓದುತ್ತೇನೆ ಎಂದವಳು ನೀನೇ. ಮೂರನೇ ಗಂಟೆ ಹೊಡೆಯಿತು. ಪರದೆ ಏಳಲಿ.

ಊರ ಅಂಚಿಗೆ ಒಂದು ಇಳಿಜಾರು. ಮೇಲುಗಡೆ ನಮ್ಮ ಕ್ಲೈನ್‌ಗಾರ್ಟನ್ ಕಾಲನಿ. ಮನೆಗೊಂದು ಚೂರು ನೆಲ, ಒಂದು ಮರದ ಗುಡಿಸಲು, ಬೇಲಿಗೆ ಗುಲಾಬಿ. ನನ್ನ ಚೂರಿನಲ್ಲಿ ಮೆಂತ್ಯ, ಮುಳಗಾಯಿ, ಹೀರೇಬಳ್ಳಿ. ಕಾಲನಿಗೆಲ್ಲ ಸೇರಿ ಒಂದೇ ಬಾವಿ. ಇಳಿಜಾರಿನ ಕೆಳಗೆ ಕ್ನಾಪ್ ಎಂಬ ಮುದುಕನ ಸೊಪ್ಪಿನ ಹೊಲ, ಅವನದೇ ಬೇರೆ ಬಾವಿ. ಇಷ್ಟೇ ರಂಗಸಜ್ಜಿಕೆ. ಮಳೆರಾಯ ಮಾತ್ರ ಈ ವರ್ಷ ಬಣ್ಣ ಹಚ್ಚಿಕೊಂಡು ಬಂದು, ರಂಗಕ್ಕೆ ಕಾಲಿಡದೆ ಮುಖ ಒರೆಸಿಕೊಂಡು ಹೋಗಿಬಿಟ್ಟ.

ನಿಮಗೆಲ್ಲ ಗೊತ್ತಿರುವ ಕಥೆಯೇ. ನಾನು ನಮ್ಮಪ್ಪನ ನಾಟಕ ಕಂಪನಿಯ ಡೇರೆಯಲ್ಲಿ ಹುಟ್ಟಿ, ಕೊನೇ ಸಾಲಿಗೆ ಕೇಳುವಂತೆ ಮಾತಾಡುತ್ತ ಬೆಳೆದವನು. ನನ್ನ ಹೆಂಡತಿ ಜಯಾಳಿಗೆ ಇಲ್ಲಿ ಜರ್ಮನಿಯಲ್ಲಿ ಕಾರಿನ ಸೆನ್ಸರ್ ಮಾಡುವ ಕೆಲಸ ಸಿಕ್ಕಿತು, ನಾನು ಅವಳ ಹಿಂದೆ ಬಂದೆ. ಫ್ಲಾಟಿನಲ್ಲಿ ಮಧ್ಯಾಹ್ನ ರೂಹೆತ್ಸೈಟ್, ಎಂದರೆ ಸದ್ದು ಮಾಡಬಾರದ ಹೊತ್ತು; ರಾತ್ರಿ ರೂಹೆತ್ಸೈಟ್, ಭಾನುವಾರ ದಿನವಿಡೀ ರೂಹೆತ್ಸೈಟ್. ನಾನು ಸೀನಿದರೆ ಕೆಳಗಿನ ಮನೆಯವರು ಪೊರಕೆಯಿಂದ ಛಾವಣಿ ತಟ್ಟುತ್ತಾರೆ. ಈ ದೇಶದಲ್ಲಿ ನನ್ನ ಧ್ವನಿಗೆ ಅಂತ ಇರುವ ಮನೆ ಒಂದೇ, ಈ ತೋಟ.

ಈಗ ಆ ಮನೆಗೇ ಕುತ್ತು. ಜಿಲ್ಲೆಯ ನೀರಿನ ಕಚೇರಿಯಿಂದ ಸುದ್ದಿ ಬಂದಿದೆ. ನೆಲದೊಳಗಿನ ನೀರು ಇಳಿಯುತ್ತಿದೆಯಂತೆ. ಬೇಸಿಗೆಯಿಡೀ ಅಳೆದು ನೋಡಿ, ಸೆಪ್ಟೆಂಬರಿನ ಸಭೆಯಲ್ಲಿ ತೀರ್ಮಾನ ಮಾಡುತ್ತಾರಂತೆ, ಕಾಲನಿಯ ಬಾವಿ ಇರಬೇಕೋ, ಬೀಗ ಬೀಳಬೇಕೋ ಎಂದು. ಬಾವಿ ಹೋದರೆ ತೋಟ ಹೋಯಿತು.

ಹೆದರಬೇಡ. ನಾನು ಗಂಗವ್ವನ ಕಾಲು ಹಿಡಿದಿದ್ದೇನೆ. ನಮ್ಮ ಕಂಪನಿ ಯಾವ ಊರಿನಲ್ಲಿ ಡೇರೆ ಹೊಡೆದರೂ, ಒಲೆ ಹೊತ್ತಿಸುವ ಮೊದಲು, ಸೇದಿದ ಮೊದಲ ಕೊಡವನ್ನು ಬಾವಿಗೇ ಮರಳಿ ಸುರಿಯುವ ರಿವಾಜು ಇತ್ತು. ನಿನ್ನ ನೀರು ನಿನಗೆ, ಉಳಿದದ್ದು ನಮಗೆ ಎಂದು. ಇಲ್ಲಿ ಬಾವಿಯ ಬಾಯಿಗೆ ಕಾಂಕ್ರೀಟು ಮುಚ್ಚಿದ್ದಾರೆ, ನೀರು ಬರುವುದು ನಲ್ಲಿಯಲ್ಲಿ. ಹಾಗಾಗಿ ಗಂಗವ್ವನಿಗೆ ಬೇಲಿಯ ಹತ್ತಿರ ಬೇರೆ ಗದ್ದುಗೆ ಗೊತ್ತುಮಾಡಿದ್ದೇನೆ. ಎಂಥದ್ದೆಂದು ಹೇಳುವುದಿಲ್ಲ, ಬಂದು ನೋಡು. ದಿನಾ ಬೆಳಿಗ್ಗೆ ಏಳಕ್ಕೆ ಅಲ್ಲಿ ನಾಂದಿ ಹಾಡಿ ಮೊದಲ ಕೊಡ ಒಪ್ಪಿಸುತ್ತೇನೆ.

ಮೊದಮೊದಲು ಕಾಲನಿಯ ಅಧ್ಯಕ್ಷೆ ಫ್ರಾವ್ ಹೇಬರ್ಲೆ ಬೇಲಿಯಾಚೆಯಿಂದ ನೋಡುತ್ತಿದ್ದಳು. ಹೋದ ವಾರ ಹಸಿರು ನೀರಿನ ಕ್ಯಾನು ಹಿಡಿದು ಬಂದೇಬಿಟ್ಟಳು. “ಹೆರ್ ಬಸ್ಸಾ, ಒಬ್ಬರೇ ಕೊಟ್ಟರೆ ಸಾಕೇ, ಕಾಲನಿಯವರೆಲ್ಲ ಕೊಡಬೇಕೇ?” ಎಂದಳು. ನಾನು ಎರಡೂ ಕೈ ಎತ್ತಿ, “ತಾಯಿ, ಡೇರೆ ತುಂಬಿದಷ್ಟೂ ದೇವರಿಗೆ ಹುರುಪು” ಎಂದೆ.

ನಿನ್ನ ಮಾಮ,
ಬಸಲಿಂಗಯ್ಯ


ಹೈಡೆಲ್‌ಬರ್ಗ್
೨ ಜೂನ್ ೨೦೨೫

ಮಾಮಾ, ಶರಣು.

ನಿಮ್ಮ ಪತ್ರ ಓದಿದೆ. ಫ್ರಾವ್ ಹೇಬರ್ಲೆ ಕ್ಯಾನು ಹಿಡಿದು ಬಂದ ಭಾಗವನ್ನು ಮತ್ತೊಮ್ಮೆ ಓದು ಎಂದು ಎಲ್ಲರೂ ಹಟ ಹಿಡಿದರು. ರಾಕೇಶ್ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಗುರು, ನಿಮ್ ಮಾಮ ಅರ್ಧ ನಿಜ ಹೇಳ್ತಾರೆ, ಇನ್ನರ್ಧ ನಾಟಕ. ಆದ್ರೆ ಯಾವ ಅರ್ಧ ಅಂತ ಗೊತ್ತಾಗಲ್ಲ ಮಗಾ.” ನನಗೂ ಗೊತ್ತಾಗಲಿಲ್ಲ. ಗೊತ್ತಾಗಬೇಕೆಂದೂ ಅನ್ನಿಸಲಿಲ್ಲ.

ನಿಮಗೆ ಒಂದು ವಿಷಯ ಹೇಳಬೇಕು. ನಿಮ್ಮ ಕಣಿವೆಯ ಅಂತರ್ಜಲವನ್ನು ಅಳೆದು ಆ ನೀರಿನ ಕಚೇರಿಗೆ ವರದಿ ಕೊಡುವ ಕೆಲಸ ನಮ್ಮ ಸಂಸ್ಥೆಗೆ ಬಂದಿದೆ, ಸಂಸ್ಥೆಯಲ್ಲಿ ನನಗೆ ಬಂದಿದೆ. ಕಣಿವೆಯಲ್ಲಿ ಅಲ್ಲಲ್ಲಿ ನೆಲದಾಳಕ್ಕೆ ಕೊಳವೆ ಇಳಿಸಿದ್ದಾರೆ. ಪ್ರತಿ ಕೊಳವೆಯೊಳಗೆ ಒಂದು ಅಳತೆಯ ಯಂತ್ರ. ಅಲ್ಲಿ ನೀರು ಏರಿದರೆ ಇಳಿದರೆ, ಇಲ್ಲಿ ನನ್ನ ಕಂಪ್ಯೂಟರಿನಲ್ಲಿ ಒಂದು ನೀಲಿ ಗೆರೆ ಏರುತ್ತದೆ, ಇಳಿಯುತ್ತದೆ. ನಕ್ಷೆಯಲ್ಲಿ ನೋಡಿದೆ, ಏಳನೇ ಕೊಳವೆ ನಿಮ್ಮ ಕಾಲನಿಯ ಆಸುಪಾಸಿನಲ್ಲೇ ಎಲ್ಲೋ ಇದೆ.

ಉಳಿದ ಕೊಳವೆಗಳ ಗೆರೆಗಳೆಲ್ಲ ಕೆಳಗೆ ಬಾಗುತ್ತಿವೆ. ಏಳನೆಯದು ಮಾತ್ರ ದಿನಾ ಬೆಳಿಗ್ಗೆ ಮೆಲ್ಲಗೆ ಮೇಲೇಳುತ್ತದೆ, ಸಂಜೆಯವರೆಗೆ ಮೆಲ್ಲಗೆ ಇಳಿಯುತ್ತದೆ. ಮಲಗಿದ ಮಗುವಿನ ಹೊಟ್ಟೆಯ ಹಾಗೆ. ಯಾಕೆಂದು ಗೊತ್ತಾಗುತ್ತಿಲ್ಲ. ನೆಲದಡಿಯ ಯಾವುದೋ ಬಿರುಕಿನಿಂದ ರಾತ್ರಿಯೆಲ್ಲ ನೀರು ಒಸರಿ ಬರುತ್ತಿರಬಹುದು ಎಂದು ನನ್ನ ಪ್ರೊಫೆಸರ್ ಹೇಳುತ್ತಾರೆ. ನಾನು ಕೆಲಸಕ್ಕೆ ಬಂದ ಕೂಡಲೇ ಬೇರೇನನ್ನೂ ತೆರೆಯದೆ ಮೊದಲು ಆ ಗೆರೆಯನ್ನು ನೋಡುತ್ತೇನೆ. ಊರು ಬಿಟ್ಟ ಮೇಲೆ ಯಾರಾದರೂ ದಿನಾ ಬೆಳಿಗ್ಗೆ ತಪ್ಪದೆ ನನಗೆ ಎದ್ದು ತೋರಿಸುತ್ತಿದ್ದರೆ, ಅದು ಅದೊಂದೇ.

ಪೂಜೆ ನಡೆಯಲಿ. ಅತ್ತೆಗೆ ಕೇಳಿದೆನೆಂದು ಹೇಳಿ.

ನಿಮ್ಮ ಭೂಮಿಕಾ


ಶ್ವೀಬರ್ಡಿಂಗೆನ್
೯ ಜೂನ್ ೨೦೨೫

ಕೂಡಿದ ದೈವವೇ, ಈ ಸಲ ಕುರ್ಚಿಯವರೂ ಎದ್ದು ನಿಲ್ಲಿರಿ. ಗಂಗವ್ವ ಉಸಿರಾಡುತ್ತಿದ್ದಾಳೆ. ಹೇಳುತ್ತಿರುವವನು ನಾಟಕದ ಬಸಲಿಂಗಯ್ಯನಲ್ಲ, ವಿಜ್ಞಾನ.

ಭೂಮಿ, ನಿನ್ನ ಪತ್ರ ಓದಿದ ರಾತ್ರಿ ಕನಸು ಬಿತ್ತು. ನಮ್ಮ ಕಾಲನಿಯ ಕೆಳಗೆ ಇನ್ನೊಂದು ಡೇರೆ. ಗ್ಯಾಸ್‌ಬತ್ತಿಯ ಹಸಿರು ಬೆಳಕು, ನೀರಿನೊಳಗಿನ ಬೆಳಕಿನ ಹಾಗೆ ಅಲುಗಾಡುತ್ತಿತ್ತು. ಸಾಲುಸಾಲು ಕುರ್ಚಿ, ಕುರ್ಚಿಯ ತುಂಬ ಮಂದಿ, ಎಲ್ಲರ ಕೂದಲೂ ಒದ್ದೆ. ನಮ್ಮಪ್ಪ ಹಾರ್ಮೋನಿಯಂ ಮುಂದೆ ಕೂತಿದ್ದ. ತಿದಿ ಒತ್ತಿದಾಗಲೆಲ್ಲ ನೆಲ ಸ್ವಲ್ಪ ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ನಾನು ಮೇಲಿನಿಂದ ಕೂಗಿದೆ, “ಅಪ್ಪಾ, ಆಟ ಯಾವಾಗ ಶುರು?” ಅವನು ತಲೆ ಎತ್ತದೆ, “ನೀ ಮ್ಯಾಲಿಂದ ಕರದ್ರ ಶುರು” ಅಂದ. ಎದ್ದಾಗ ದಿಂಬು ಒದ್ದೆಯಾಗಿತ್ತು. ಬೆವರು ಎಂದು ಜಯಾ ಹೇಳುತ್ತಾಳೆ. ಹೇಳಲಿ.

ನಿನ್ನ ಪತ್ರವನ್ನು ಫ್ರಾವ್ ಹೇಬರ್ಲೆಗೆ ಜರ್ಮನಿನಲ್ಲಿ ಹೇಳಿದೆ, ನನ್ನ ಜರ್ಮನಿನಲ್ಲಿ. ಅವಳ ಕಣ್ಣು ತುಂಬಿತು. ಈಗ ಬೆಳಿಗ್ಗೆ ಏಳಕ್ಕೆ ಕಾಲನಿಯ ಮುಕ್ಕಾಲು ಮಂದಿ ಬರುತ್ತಾರೆ, ಹಸಿರು ಕ್ಯಾನುಗಳ ಸಾಲು. ನನ್ನ ನಾಂದಿ ಮುಗಿಯುವವರೆಗೆ ಶಿಸ್ತಾಗಿ ನಿಂತು, ಆಮೇಲೆ ಒಬ್ಬೊಬ್ಬರಾಗಿ ಸುರಿಯುತ್ತಾರೆ. ಇಂಥ ಶಿಸ್ತಿನ ಪ್ರೇಕ್ಷಕರು ನಮ್ಮಪ್ಪನಿಗೂ ಸಿಕ್ಕಿರಲಿಲ್ಲ.

ಕೆಳಗಿನ ಹೊಲದ ಕ್ನಾಪ್ ಬೇಲಿಯ ಹತ್ತಿರ ಬಂದು ಏನೋ ಗೊಣಗಿ ಹೋದ. ಈ ದೃಶ್ಯದಲ್ಲಿ ಅವನಿಗೆ ಪಾರ್ಟಿಲ್ಲ. ಬಿಟ್ಟಿದ್ದೇನೆ.

ಬಸಲಿಂಗಯ್ಯ ಮಾಮ


ಹೈಡೆಲ್‌ಬರ್ಗ್
೧೪ ಜುಲೈ ೨೦೨೫

ಮಾಮಾ,

ಉತ್ತರ ತಡವಾಯಿತು. ವರದಿ ಬರೆಯುತ್ತಿದ್ದೆ.

ಮಧ್ಯಂತರ ವರದಿ ನೋಡಿ ನೀರಿನ ಕಚೇರಿಯವರು ತೀರ್ಮಾನದ ಕರಡು ಮಾಡಿದ್ದಾರೆ. ನಿಮ್ಮ ಕಾಲನಿಯ ಅಡಿಯಲ್ಲಿ ನೀರು ತಾನೇ ತುಂಬಿಕೊಳ್ಳುತ್ತಿದೆ, ಆದ್ದರಿಂದ ಬಾವಿ ಉಳಿಯಬಹುದು ಎಂದು ಬರೆದಿದ್ದಾರೆ. ಕೆಳಗಿನ ಹೊಲದ ಕ್ನಾಪ್ ತಮ್ಮ ಬಾವಿ ಬತ್ತಿದೆ, ಪಂಪು ಮರಳು ಎಳೆಯುತ್ತಿದೆ ಎಂದು ದೂರು ಕೊಟ್ಟಿದ್ದರಂತೆ. ಏಳನೇ ಕೊಳವೆಯಲ್ಲಿ ನೀರು ಚೆನ್ನಾಗಿದೆ, ಆದ್ದರಿಂದ ದೋಷ ಕ್ನಾಪ್‌ ಅವರ ಬಾವಿಯದೇ, ಕಾಲನಿಯಿಂದ ಅವರಿಗೆ ನೀರಿನ ಪಾಲು ಕೊಡಿಸಲಾಗುವುದಿಲ್ಲ ಎಂದು ಉತ್ತರ ಹೋಗಿದೆ. ಅವರ ಬಾವಿ ಬತ್ತಿದ ವಿಷಯ ನೀವು ಬರೆದೇ ಇರಲಿಲ್ಲ.

ಎರಡು ಸಂಗತಿ ಕೇಳಬೇಕಿತ್ತು.

ಈ ತಿಂಗಳ ಮೊದಲ ಶನಿವಾರ, ಭಾನುವಾರ ಏಳನೇ ಕೊಳವೆಯ ಗೆರೆ ಮೇಲೇಳಲಿಲ್ಲ. ಸುಮ್ಮನೆ ಕೆಳಗಿಳಿಯುತ್ತ ಹೋಯಿತು, ಉಳಿದ ಕೊಳವೆಗಳ ಹಾಗೆಯೇ. ಸೋಮವಾರ ಮತ್ತೆ ಎದ್ದಿತು. ಯಂತ್ರ ಕೆಟ್ಟಿದೆಯೇನೋ ಎಂದು ತಂತ್ರಜ್ಞನನ್ನು ಕಳಿಸಿದೆ. ಯಂತ್ರ ಸರಿಯಾಗಿದೆ. ಕೊಳವೆಯ ಬುಡದ ಕಾಂಕ್ರೀಟು ಬಿರುಕು ಬಿಟ್ಟಿದೆ, ಸುತ್ತ ನೆಲ ಕೆಸರಾಗಿದೆ ಎಂದ. ಮುಚ್ಚಳದ ಮೇಲೆ ಬಿಳಿ ಬಣ್ಣದ ಮೂರು ಪಟ್ಟೆ ಇದ್ದವಂತೆ, ಒಂದು ಚೆಂಡುಹೂವೂ ಇತ್ತಂತೆ. “ಮಕ್ಕಳ ಆಟ” ಎಂದು ಒರೆಸಿ ಬಂದಿದ್ದಾನೆ.

ಮಾಮಾ, ನಿಮ್ಮ ಗಂಗವ್ವನ ಗದ್ದುಗೆ ನಿಜವಾಗಿ ಎಲ್ಲಿದೆ? ಆ ಶನಿವಾರ, ಭಾನುವಾರ ನೀವು ಊರಲ್ಲಿದ್ದಿರಾ?

ಈ ಪತ್ರವನ್ನು ಅಡುಗೆಮನೆಯಲ್ಲಿ ಓದಿ ಹೇಳಿಲ್ಲ.

ಭೂಮಿಕಾ


ಶ್ವೀಬರ್ಡಿಂಗೆನ್
೧೭ ಜುಲೈ ೨೦೨೫

ಮಗಳೇ, ನೀನು ಓದದಿದ್ದರೂ ದೈವ ದೈವವೇ. ಎಲ್ಲರನ್ನೂ ಕರೆ. ಬಾಗಿಲಲ್ಲಿ ಹೋಗುವವರನ್ನೂ ಕರೆ.

ಗುಟ್ಟು ಬಿಡುತ್ತೇನೆ. ಬೇಲಿಯ ಹತ್ತಿರ ಮೊಣಕಾಲೆತ್ತರದ ಒಂದು ಕಬ್ಬಿಣದ ಕೊಳವೆ ಇದೆ, ಮೇಲೆ ದುಂಡನೆಯ ಮುಚ್ಚಳ. ಮೊದಲ ದಿನ ಬೆಳಗಿನ ಮಂಜಿನಲ್ಲಿ ಅದನ್ನು ನೋಡಿದಾಗ ಕೈ ತಾನಾಗಿ ಮುಗಿಯಿತು. ಸಾಕ್ಷಾತ್ ಲಿಂಗ. ಬಾವಿಯ ಉಸಿರುಗೊಳವೆ ಇರಬೇಕು ಎಂದುಕೊಂಡೆ. ವಿಭೂತಿ ಹಚ್ಚಿದವನು ನಾನು, ಹೂವಿಟ್ಟವನು ನಾನು. ಅದೇ ನಿನ್ನ ಏಳನೇ ಕೊಳವೆ ಎಂದು ನಿನ್ನ ಪತ್ರದಿಂದ ತಿಳಿದು ರೋಮಾಂಚನವಾಯಿತು. ನಾನು ಈ ಕಡೆ ನಿಂತು ಕರೆಯುತ್ತಿದ್ದೆ, ಆ ಕಡೆ ನೀನು ಕೂತು ಅವಳು ಓಗೊಡುವುದನ್ನು ನೋಡುತ್ತಿದ್ದೆ. ನಡುವೆ ಒಂದು ಕೊಳವೆ. ಮಾಮ, ಸೊಸೆ ಇದಕ್ಕಿಂತ ಹತ್ತಿರ ಇರುವುದುಂಟೇ?

ಆ ಶನಿವಾರ, ಭಾನುವಾರ ನಾವು ಉಂಟರ್‌ಫ್ಯೋರಿಂಗ್‌ಗೆ ಹೋಗಿದ್ದೆವು, ಮಗ ಅಭಿನವನ ಮನೆಗೆ. ಮೊಮ್ಮಗಳಿಗೆ ರಾಕ್ಷಸನ ಪಾರ್ಟು ಮಾಡಿ ತೋರಿಸಿದೆ. ಅವಳು ತುಟಿಗೆ ಬೆರಳಿಟ್ಟು “ಓಪಾ, ಲೈಜೆ” ಅಂದಳು. ಮೆಲ್ಲಗೆ ಮಾತಾಡು ತಾತಾ ಅಂತ. ಮೂರು ವರ್ಷದ ಕೂಸು. ಆ ಎರಡು ದಿನ ನಾನು ಪಿಸುಮಾತಿನಲ್ಲೇ ಬದುಕಿದೆ.

ಹಿಂದಿರುಗಿ ಫ್ರಾವ್ ಹೇಬರ್ಲೆಯನ್ನು ಕೇಳಿದೆ, “ಎರಡು ದಿನ ನೀವ್ಯಾರೂ ನೀರು ಕೊಡಲಿಲ್ಲವೇ?” ಅವಳು ಭುಜ ಕುಣಿಸಿ, “ಸಂಗೀತವಿಲ್ಲದೆ ಹೇಗೆ, ಹೆರ್ ಬಸ್ಸಾ?” ಎಂದಳು.

ಈಗ ನಿನ್ನ ಗೆರೆಯ ಅರ್ಥ ನಾನು ಹೇಳುತ್ತೇನೆ ಕೇಳು. ನಾನಿಲ್ಲದ ದಿನ ಗಂಗವ್ವ ಮುನಿದು ಉಸಿರು ಹಿಡಿದಿದ್ದಳು. ಕರೆದರೆ ಏಳುತ್ತಾಳೆ, ಕರೆಯದಿದ್ದರೆ ಮಲಗುತ್ತಾಳೆ. ಇದನ್ನು ನಿನ್ನ ವರದಿಯಲ್ಲಿ ಬರೆ. ಬಸಲಿಂಗಯ್ಯನ ಹೆಸರು ಹಾಕಬೇಕೆಂದೇನಿಲ್ಲ, ಹಾಕಿದರೆ ಬೇಡ ಅನ್ನುವುದಿಲ್ಲ.

ಮಾಮ


ಹೈಡೆಲ್‌ಬರ್ಗ್
೨ ಸೆಪ್ಟೆಂಬರ್ ೨೦೨೫

ಮಾಮಾ,

ವರದಿ ಕಳಿಸಿಯಾಯಿತು. ಸಭೆ ಹದಿನೆಂಟನೇ ತಾರೀಖು, ಗುರುವಾರ. ಕರಡಿನಲ್ಲಿದ್ದ ಹಾಗೆಯೇ ಆಗುತ್ತದೆ. ನಿಮ್ಮ ಬಾವಿ ಉಳಿಯುತ್ತದೆ.

ಪ್ರೊಫೆಸರ್ ಏಳನೇ ಕೊಳವೆಯ ಬಗ್ಗೆ ಬೇರೆಯೇ ಒಂದು ಲೇಖನ ಬರೆಯೋಣ ಎನ್ನುತ್ತಿದ್ದಾರೆ. ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ನೀಲಿ ಗೆರೆ ಏಳುತ್ತದೆ, ಇಳಿಯುತ್ತದೆ.

ಆ ತೋಟ ಹೋದರೆ ನಿಮ್ಮ ಧ್ವನಿ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದೆ. ಆಮೇಲೆ ಬೇರೇನನ್ನೂ ಯೋಚಿಸಲಾಗಲಿಲ್ಲ.

ಪೂಜೆ ನಿಲ್ಲಿಸಬೇಡಿ. ಸಭೆ ಮುಗಿಯುವವರೆಗೆ ಒಂದು ದಿನವೂ ತಪ್ಪಿಸಬೇಡಿ.

ಭೂಮಿ


ಶ್ವೀಬರ್ಡಿಂಗೆನ್
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಕೂಡಿದ ದೈವಕ್ಕೆ ಶರಣು. ರಾಕೇಶ, ಲಾವಣ್ಯಾ, ಈ ಸಲ ನೀವು ಓದಿ, ಭೂಮಿಕಾ ಕೇಳಲಿ.

ಮಗಳೇ, ನಿನ್ನ ಪುಟ್ಟ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಬಾವಿ ಉಳಿಯಿತು ಎಂದು ಬರೆದವಳ ಅಕ್ಷರ ಅಷ್ಟು ಸೊರಗಿರುವುದು ಯಾಕೆ ಎಂದು ತಿಳಿಯಲಿಲ್ಲ. ಪರದೆಯ ಹಿಂದಿನಿಂದ ಪ್ರಾಂಪ್ಟರ್ ಸಾಲು ಹೇಳಿಕೊಡುತ್ತಾನಲ್ಲ, ಅವನೇ ಅಳುತ್ತಿದ್ದರೆ ನಟನಿಗೆ ಗೊತ್ತಾಗಿಬಿಡುತ್ತದೆ. ಪೂಜೆ ನಿಲ್ಲಿಸಬೇಡಿ ಎಂದು ಎಂದೂ ಹೇಳದ ಹುಡುಗಿ ನೀನು. ಈ ಪತ್ರದಲ್ಲಿ ಎರಡು ಸಲ ಹೇಳಿದ್ದೀಯೆ.

ನಿನ್ನೆ ಊಟಕ್ಕೆ ಕೂತಾಗ ಜಯಾಳಿಗೆ ಎಲ್ಲ ಪತ್ರ ಓದಿ ಹೇಳಿದೆ. ಗಂಗವ್ವ ಮುನಿದು ಉಸಿರು ಹಿಡಿದ ಭಾಗಕ್ಕೆ ಬಂದಾಗ ಅವಳು ರೊಟ್ಟಿ ಕೆಳಗಿಟ್ಟಳು.

“ಅಲ್ರೀ, ಒಂದ್ ಮಾತ್ ಕೇಳ್ಲೇನು? ಆ ಪೈಪಿನ್ಯಾಗ ಸೆನ್ಸರ್ ಐತಿ ಹೌದಲ್ಲ?”

“ಐತಿ.”

“ಬುಡ ಬಿರುಕ್ ಬಿಟ್ಟೈತಿ ಹೌದಲ್ಲ?”

“ಹೌದು.”

“ದಿನಾ ಮುಂಜಾನೆ ಅದರ ಮ್ಯಾಲ ಇಡೀ ಕಾಲನಿ ನೀರ್ ಸುರೂತೈತಿ.”

ನಾನು ಚಟ್ನಿಯ ಬಟ್ಟಲನ್ನು ಅವಳ ಕಡೆ ಸರಿಸಿದೆ.

“ನೀವ ನೀರ್ ಹಾಕೂದು, ಸೆನ್ಸರ್ ನೀರ್ ಬಂತು ಅನ್ನೂದು, ಮತ್ತ ನೀವ ಕುಣಿಯೂದು. ಛಂದ ಐತ್ರೀ ನಿಮ್ಮ ನಾಟಕ. ಹುಡುಗಿ ಯಾಕ ಸುಮ್ಮನಾಗ್ಯಾಳ ಅಂತ ಈಗರೆ ತಿಳೀತೇನು? ಆಕಿಗೆ ಜುಲೈದಾಗ ಗೊತ್ತಾಗೇತಿ.”

ಆಮೇಲೆ ಅವಳೇ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅಷ್ಟು ದಿನ ನಾನು ಕರೆದದ್ದು ನನ್ನ ಕೊಡದ ನೀರನ್ನೇ, ಓಗೊಟ್ಟದ್ದೂ ಅದೇ. ಕೆಳಗಿನ ಡೇರೆಯಲ್ಲಿ ಯಾರೂ ಇರಲಿಲ್ಲ, ಭೂಮಿ. ಖಾಲಿ ಕುರ್ಚಿಗಳು.

ಇವತ್ತು ಬೆಳಿಗ್ಗೆ ಇಳಿಜಾರು ಇಳಿದು ಕ್ನಾಪ್‌ನ ಹೊಲಕ್ಕೆ ಹೋದೆ, ಮೊದಲ ಸಲ. ಈ ಮುದುಕನಿಗೆ ಪಾರ್ಟಿಲ್ಲ ಎಂದು ಬರೆದಿದ್ದೆನಲ್ಲ. ಅವನು ಪಂಪು ಬಿಚ್ಚಿ ಚೀಲದ ಮೇಲೆ ಹರವಿಕೊಂಡು ಕೂತಿದ್ದ. ಬಕೆಟ್ಟಿನಲ್ಲಿ ಮರಳು, ನೀರಿಗಿಂತ ಮರಳೇ ಹೆಚ್ಚು. ಸೊಪ್ಪಿನ ಸಾಲು ಅಂಚಿನಿಂದ ಕಂದಾಗಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ, ಧ್ವನಿ ಬರಲಿಲ್ಲ. ನನಗೆ, ಧ್ವನಿ ಬರಲಿಲ್ಲ.

ಅವನೇ ಮಾತಾಡಿದ. “ಬೆಳಿಗ್ಗೆ ಹಾಡುವವನು ನೀನೇ ಅಲ್ಲವೇ? ಇಲ್ಲಿಯವರೆಗೆ ಕೇಳುತ್ತದೆ.”

“ತೊಂದರೆ ಆಗುತ್ತದೆಯೇ?” ಎಂದೆ.

“ಇಲ್ಲ. ನಿನ್ನ ಹಾಡು ಕೇಳಿದ ಮೇಲೇ ನಾನು ಪಂಪು ಶುರು ಮಾಡುವುದು. ಹಾಡು ಬಂದರೂ ನೀರು ಬರುವುದಿಲ್ಲ ಈಗ.” ಬೋಲ್ಟಿನ ಮೇಲಿನ ಮರಳನ್ನು ಹೆಬ್ಬೆರಳಿನಿಂದ ಒರೆಸಿದ. “ಕಚೇರಿಯವರು ದೋಷ ನನ್ನ ಬಾವಿಯದೇ ಎನ್ನುತ್ತಾರೆ. ಇರಬಹುದು. ಬಾವಿಗೂ ವಯಸ್ಸಾಗಿದೆ, ನನಗೂ.”

ಡೇರೆಯ ಕೊನೇ ಸಾಲಿಗೆ ಕೇಳಬೇಕು ಎಂದು ನಮ್ಮಪ್ಪ ಯಾಕೆ ಹೇಳುತ್ತಿದ್ದ ಎಂದು ಅಲ್ಲಿ ತಿಳಿಯಿತು. ಕೊನೇ ಸಾಲಿನಲ್ಲಿ ಒಬ್ಬ ದಿನಾ ಕೂತು ಕೇಳುತ್ತಿದ್ದ. ನಾನು ಅತ್ತ ಒಮ್ಮೆಯೂ ನೋಡಿರಲಿಲ್ಲ.

ನೀನು ನನ್ನ ಧ್ವನಿಗೆ ಮನೆ ಉಳಿಸಲು ನಿನ್ನ ಗೆರೆಯನ್ನು ಸುಳ್ಳು ಮಾಡಿದೆ. ಯಾರೂ ನನಗೆ ಇಷ್ಟು ದೊಡ್ಡ ಉಡುಗೊರೆ ಕೊಟ್ಟಿಲ್ಲ. ಇದನ್ನು ಇಟ್ಟುಕೊಳ್ಳಲಾಗುವುದಿಲ್ಲ, ಮಗಳೇ. ದಿನಾ ಬೆಳಿಗ್ಗೆ ನಿನಗೆ ಎದ್ದು ತೋರಿಸುತ್ತಿದ್ದದ್ದು ನಾನು. ಅದೊಂದು ಮಾತ್ರ ಸುಳ್ಳಲ್ಲ, ಅದನ್ನು ನೀನು ಇಟ್ಟುಕೊ. ಬಾವಿಗೆ ಬೀಗ ಬಿದ್ದರೆ ಬೀಳಲಿ. ಇಳಿಜಾರಿಗೆಲ್ಲ ಪಾಳಿ ಕಟ್ಟಿ, ಇರುವಷ್ಟನ್ನು ಮೇಲಿನವರೂ ಕೆಳಗಿನವನೂ ಹಂಚಿಕೊಳ್ಳಿ ಎಂದರೆ ಇನ್ನೂ ಚಲೋ. ಅದು ಸಭೆಯ ಮಾತು. ನಿಜವಾದ ಗೆರೆಯನ್ನು ನೋಡಿ ಆಡಲಿ.

ಸಂಜೆ ಫ್ರಾವ್ ಹೇಬರ್ಲೆಗೆ ಎಲ್ಲ ಹೇಳಿದೆ. “ಹಾಗಾದರೆ ನಾಳೆ ಏಳಕ್ಕೆ ಯಾರೂ ಬರಬಾರದೇ?” ಎಂದಳು. “ಬರಬೇಕು, ಕ್ಯಾನು ತುಂಬಿಕೊಂಡೇ ಬರಬೇಕು” ಎಂದೆ.

ಈ ಪತ್ರ ನಿನ್ನ ಅಡುಗೆಮನೆ ಮುಟ್ಟುವ ಮೊದಲೇ ಗೆರೆ ನಿನಗೆ ಎಲ್ಲ ಹೇಳಿರುತ್ತದೆ. ಸೋಮವಾರ ಅದು ಮೇಲೇಳದಿದ್ದರೆ, ಯಂತ್ರ ಕೆಟ್ಟಿದೆ ಎಂದು ಯಾರನ್ನೂ ಕಳಿಸಬೇಡ. ಪತ್ರಕ್ಕಿಂತ ಮುಂಚೆ ಮುಟ್ಟಲಿ ಎಂದು ನಾನು ಕಳಿಸಿದ ತಾರು ಅದು. ನಿನ್ನ ಪ್ರೊಫೆಸರಿಗೆ ತೋರಿಸು. ಗುರುವಾರಕ್ಕೆ ಇನ್ನೂ ಸಮಯವಿದೆ.

ನಾಳೆ ಬೆಳಿಗ್ಗೆ ಏಳಕ್ಕೆ ನಾನು ಆ ಕೊಳವೆಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಕ್ನಾಪ್‌ನ ಕಡೆಗೆ ಮುಖ ಮಾಡಿ, ಗಂಟಲು ಬಿಚ್ಚಿ ನಾಂದಿ ಹಾಡುತ್ತೇನೆ. ಆಮೇಲೆ ಕೊಡ ಹೆಗಲಿಗೇರಿಸಿ ಇಳಿಜಾರು ಇಳಿಯುತ್ತೇನೆ, ಹಸಿರು ಕ್ಯಾನುಗಳ ಸಾಲು ನನ್ನ ಹಿಂದೆ. ಮೊದಲ ಕೊಡ ಅವನ ಸೊಪ್ಪಿನ ಸಾಲಿಗೆ ಸುರಿಯುತ್ತೇನೆ. ಅಲ್ಲಿಂದ ಕೆಸರು ಮೆತ್ತಿದ ಚಪ್ಪಲಿಯಲ್ಲೇ ಬಸ್ಸು ಹತ್ತಿ ನೀರಿನ ಕಚೇರಿಗೆ ಹೋಗಿ, ಬಾಗಿಲು ತೆರೆದ ಕೂಡಲೇ, ಆ ಉಸಿರು ನನ್ನದಾಗಿತ್ತು ಎಂದು ಹೇಳುತ್ತೇನೆ. ಮೆಲ್ಲಗೆ ಹೇಳುತ್ತೇನೆ.